ಮನೆಯ ಕಡೆ ಬಾಣ

ಅಕ್ಕೋರು ಕಾರಿನ ಕೀಲಿ ಕೈಗೆತ್ತಿಕೊಂಡರೆಂದರೆ ಜೇವರ್ಗಿಯ ನಮ್ಮ ಓಣಿಯಲ್ಲಿ ಯಾರೂ ‘ಎಲ್ಲಿಗೆ?’ ಎಂದು ಕೇಳುತ್ತಿರಲಿಲ್ಲ. ಹೊರಟವರನ್ನು ಹಾಗೆ ಕೇಳಬಾರದೆಂಬುದು ನಮ್ಮ ಕಡೆಯ ಹಳೆಯ ರೂಢಿ. ಕೇಳಲೇಬೇಕಾದರೆ ‘ದೂರ ಹೊಂಟೀರೇನ್ರಿ?’ ಎನ್ನುತ್ತೇವೆ. ಯಾರಾದರೂ ಮರೆತು ಕೇಳಿಬಿಟ್ಟರೆ ಅಕ್ಕೋರು ಗಾಡಿ ಬಂದ್ ಮಾಡಿ, ಇಳಿದು, ಮತ್ತೆ ಮನೆಯೊಳಗೆ ಹೋಗುತ್ತಿದ್ದರು. ಅರ್ಧ ಗ್ಲಾಸು ನೀರು ಕುಡಿದು, ಸ್ವಲ್ಪ ಹೊತ್ತು ಕುಳಿತು, ಕೀಲಿಯನ್ನು ಹಣೆಗೆ ಮುಟ್ಟಿಸಿಕೊಂಡು ಹೊರಬರುತ್ತಿದ್ದರು. ಹಿಂದಿನ ಸೀಟಿನಲ್ಲಿ ಬೆವರುತ್ತ ಕೂತ ನಾನು ನಕ್ಕರೆ, “ನಂಬಂಗಿಲ್ಲ ತಂಗಿ. ಆದ್ರ ನೀರ್ ಕುಡೀತೇನಿ” ಎನ್ನುತ್ತಿದ್ದರು.

ಅವರು ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಷಯ ಕಲಿಸುತ್ತಿದ್ದರು. ನನಗೂ ಮೂರು ವರ್ಷ ಕಲಿಸಿದ್ದಾರೆ. ನಮ್ಮ ಮನೆಯ ಎದುರಿಗೇ ಬಾಡಿಗೆಗೆ ಇದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ, ಹೋದ ಮಳೆಗಾಲದಲ್ಲಿ ತೀರಿಕೊಂಡರು. ದಿನಕ್ಕೊಂದು ಸಾಲಾದರೂ ಬರೆದಿಡು ಎಂದು ಎಂಟನೇ ತರಗತಿಯಲ್ಲಿ ನನಗೆ ಅಭ್ಯಾಸ ಹಚ್ಚಿದವರು ಅವರೇ. ಆ ಅಭ್ಯಾಸ ಬಿಟ್ಟಿಲ್ಲ. ಅವರು ತೀರಿಕೊಂಡ ದಿನ ಮಾತ್ರ ತಾರೀಖು ಹಾಕಿ ಕೆಳಗೆ ಏನೂ ಬರೆಯಲಾಗಲಿಲ್ಲ. ಈಗ ಅವರಿದ್ದ ಮನೆಗೆ ಬೇರೆಯವರು ಬಂದಿದ್ದಾರೆ. ಗೋಡೆಗೆ ಹಸಿರು ಬಣ್ಣ ಬಳಿದಿದ್ದಾರೆ. ಬಾಗಿಲ ಪಕ್ಕ ಅವರು ಕೀಲಿ ತೂಗುಹಾಕುತ್ತಿದ್ದ ಮೊಳೆಗೂ ಅದೇ ಹಸಿರು ಬಣ್ಣ ಬಿದ್ದಿದೆ.

ಕರ್ನಾಟಕದ ನಕಾಶೆಯನ್ನು ಅವರು ಹಲಗೆಯ ಮೇಲೆ ಕೈ ಎತ್ತದೆ ಒಂದೇ ಗೆರೆಯಲ್ಲಿ ಬರೆಯುತ್ತಿದ್ದರು. ಬರೆದು ಕೈಗಂಟಿದ ಚಾಕಿನ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ರಜೆಯ ದಿನವೂ, ಕೈಯಲ್ಲಿ ಏನೂ ಇಲ್ಲದಿದ್ದರೂ, ಬೆರಳನ್ನು ಸೆರಗಿಗೆ ಒರೆಸುವ ಚಟ ಹೋಗಿರಲಿಲ್ಲ. ಇಷ್ಟು ಚಂದ ನಕಾಶೆ ಬರೆಯುವವರಿಗೆ ದಾರಿ ಮಾತ್ರ ತಿಳಿಯುತ್ತಿರಲಿಲ್ಲ. ಕಲಬುರಗಿಯ ಮಾರ್ಕೆಟ್ಟಿಗೆ ಹೋದರೆ ಕಾರು ಎಲ್ಲಿ ನಿಲ್ಲಿಸಿದ್ದು ಎಂಬುದೇ ಮರೆಯುತ್ತಿತ್ತು. ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುತ್ತಿದ್ದರು. “ಹಲಗಿ ಮ್ಯಾಲ ಉತ್ತರ ಯಾವಾಗಲೂ ಮ್ಯಾಲೇ ಇರತದ. ರೋಡಿನ್ಯಾಗ ಅದು ಯಾಕ ಓಡಾಡತದ?” ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು.

ಇಂಥವರು ವಾರವಾರ ಕಾರು ತೆಗೆದುಕೊಂಡು ಅಲೆಯುವಂತಾದದ್ದು ಅವರ ತಮ್ಮನ ಕಾರಣಕ್ಕೆ. ಅವನನ್ನು ನಾವೆಲ್ಲ ಮಾಮಾ ಎನ್ನುತ್ತೇವೆ. ನಲವತ್ತೈದರ ಆಸುಪಾಸಿನ, ಎತ್ತರದ, ಮೆತ್ತನೆಯ ಮನುಷ್ಯ. ಐಟಿಐ ಓದುವಾಗ ಅವನಿಗೆ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸತೊಡಗಿತು. ಗುಳಿಗೆ ತೆಗೆದುಕೊಂಡರೆ ಮಾತು ಸಣ್ಣದಾಗುತ್ತದೆ, ನಿಲ್ಲುವುದಿಲ್ಲ. ಅದು ಜೋರಾದಾಗ ಅವನು ಚಪ್ಪಲಿ ಮೆಟ್ಟಿ ನಡೆದುಬಿಡುತ್ತಾನೆ. ಬಸ್ಸು ಸಿಕ್ಕರೆ ಹತ್ತುತ್ತಾನೆ. ಒಮ್ಮೆ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ, ಒಮ್ಮೆ ಆಳಂದದ ದರ್ಗಾದ ಮುಂದೆ ಸಿಕ್ಕ. ಹೆಚ್ಚಾಗಿ ಸಿಗುತ್ತಿದ್ದದ್ದು ಗಾಣಗಾಪುರದಲ್ಲಿ. ಅಲ್ಲಿ ದತ್ತನ ಹೆಸರಿನಲ್ಲಿ ಐದು ಮನೆ ಬೇಡಿ ಉಣ್ಣುವುದು ಎಲ್ಲ ಭಕ್ತರೂ ಮಾಡುವ ಸೇವೆ. ಆದ್ದರಿಂದ ಕೈಯೊಡ್ಡಿ ನಿಂತವನನ್ನು ಯಾರೂ ‘ಯಾರು ನೀನು?’ ಎಂದು ಕೇಳುವುದಿಲ್ಲ. ಪ್ರತಿ ಸಲವೂ ಅಕ್ಕೋರು ಶಾಲೆಗೆ ರಜೆ ಹಾಕಿ, ಹಳೆಯ ಕಾರಿನಲ್ಲಿ ಹೋಗಿ, ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಬೈಯುತ್ತಿರಲಿಲ್ಲ. “ಉಂಡೀ?” ಎನ್ನುತ್ತಿದ್ದರು, ಅಷ್ಟೇ.

ದಾರಿಗೆಂದು ಮೊದಲು ಫೋನಿನ ಮ್ಯಾಪು ಹಾಕಿ ನೋಡಿದರು. ಅದು ಮಾತಾಡಿತು. ಮುಂದೆ ಎಡಕ್ಕೆ ತಿರುಗಿ ಎಂದು ಒಬ್ಬ ಹೆಣ್ಣುಮಗಳು ಡ್ಯಾಶ್‌ಬೋರ್ಡಿನಿಂದ ಹೇಳಿದ್ದೇ ಮಾಮಾ ಬಾಗಿಲು ತೆಗೆದು ಜಿಗಿಯಲು ಹೋದ. “ಇಕಿ ಹೊರಗೂ ಬಂದಳೇನ ಅಕ್ಕಾ?” ಎಂದು ನಡುಗಿದ. ಧ್ವನಿ ಬಂದ್ ಮಾಡಿದರೂ ಫೋನನ್ನು ಅವನು ನಂಬಲಿಲ್ಲ. ಆಗ ಅವರ ಹಳೆಯ ವಿದ್ಯಾರ್ಥಿಯೊಬ್ಬ, ಸರ್ವೆ ಕೆಲಸದಲ್ಲಿದ್ದವನು, ತನಗೆ ಬೇಡವಾದ ಒಂದು ಜಿಪಿಎಸ್ ತಂದುಕೊಟ್ಟ. ಅಂಗೈಯಲ್ಲಿ ಹಿಡಿಯುವಷ್ಟು, ಹಳದಿ ಅಂಚಿನ, ದಪ್ಪ ಗುಂಡಿಗಳ ಉಪಕರಣ. ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ನಡೆಯುತ್ತದೆ. ಪರದೆಯ ಮೇಲೆ ಒಂದು ಬಾಣ, ಕೆಳಗೆ ಇನ್ನೆಷ್ಟು ಕಿಲೋಮೀಟರ್ ಎಂಬ ಅಂಕಿ. ಅದಕ್ಕೆ ಬಾಯಿಲ್ಲ.

ಅದನ್ನು ಮೊದಲ ಸಲ ಹಚ್ಚಿದ್ದು ಒಂದು ಭಾನುವಾರ. ನಾನು ಬಾಗಿಲಲ್ಲೇ ಇದ್ದೆ. ಪರದೆಯ ಮೇಲೆ ಮೊದಲು ಮೂಡಿದ ಪ್ರಶ್ನೆ, ಇಂಗ್ಲಿಷಿನಲ್ಲಿ, ‘ಎಲ್ಲಿಗೆ?’ ಎಂದೇ. ಅಕ್ಕೋರು ಕನ್ನಡಕ ಸರಿಮಾಡಿಕೊಂಡು ಓದಿದರು.

“ಅಯ್ ಇದರ! ಬಾಗಲಾಗೇ ಕೇಳತದಲ್ಲ ಹಾಳಾದ್ದು!”

ಒಳಗೆ ಹೋಗಿ ನೀರು ಕುಡಿದು ಬಂದರು. ಮತ್ತೆ ಹಚ್ಚಿದರೆ ಮತ್ತೆ ಅದೇ ಪ್ರಶ್ನೆ. ಮತ್ತೆ ನೀರು. ಮೂರನೆಯ ಸಲಕ್ಕೆ ನನ್ನ ಅವ್ವ ನಮ್ಮ ಕಟ್ಟೆಯಿಂದ, “ಅಕ್ಕೋರ, ಹಿಂಗಾದ್ರ ಕೊಡ ಖಾಲಿ ಆಗತದ, ಗಾಡಿ ಹೊರಡಂಗಿಲ್ಲ” ಎಂದಳು. ಅಕ್ಕೋರು ಸ್ವಲ್ಪ ಹೊತ್ತು ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತರು. ಆಮೇಲೆ ಉಪಕರಣದಲ್ಲಿ, ತಾವು ನಿಂತ ಜಾಗವನ್ನೇ, ಅಂದರೆ ಮನೆಯ ಬಾಗಿಲನ್ನೇ, ಗುರುತು ಮಾಡಿ ಅದನ್ನೇ ಉತ್ತರವಾಗಿ ಒತ್ತಿದರು.

“ಹೊಂಟವರು ‘ಹೋಗತೇನಿ’ ಅಂತಾರೇನು? ‘ಬರ್ತೇನಿ’ ಅಂತಾರ. ಇದಕ್ಕೂ ಅದನ್ನೇ ಹೇಳೂಣು.”

ಅಂದಿನಿಂದ ಅವರ ಪ್ರಯಾಣ ಹಾಗೇ ನಡೆಯಿತು. ಎಲ್ಲಿಗೇ ಹೊರಡಲಿ, ಉಪಕರಣಕ್ಕೆ ಕೊಟ್ಟ ಗುರಿ ಮನೆ. ಹೋಗುವ ದಾರಿಯನ್ನು ಬೋರ್ಡು ಓದಿ, ಜನರನ್ನು ಕೇಳಿ, ಎರಡು ಸಲ ತಪ್ಪಿ ಹುಡುಕುತ್ತಿದ್ದರು. ಬಾಣ ಮಾತ್ರ ಹಿಂದಕ್ಕೆ ತೋರಿಸುತ್ತಿತ್ತು. ಹೋಗುವಾಗ ಅಂಕಿ ಏರುತ್ತಿತ್ತು, ಬರುವಾಗ ಇಳಿಯುತ್ತಿತ್ತು. ಓಣಿಯೊಳಗೆ ತಿರುಗುವಾಗ ಸೊನ್ನೆ.

ಉಪಕರಣ ಹಿಡಿಯುವ ಕೆಲಸ ಮಾಮಾನದಾಯಿತು. ಹೊರಡುವ ಮುಂಚೆ ಅದನ್ನು ಕಾರಿನ ಬಾನೆಟ್ ಮೇಲೆ ಆಕಾಶಕ್ಕೆ ಮುಖ ಮಾಡಿ ಇಟ್ಟು ಕಾಯುತ್ತಿದ್ದ. ಉಪಗ್ರಹಗಳು ಒಂದೊಂದಾಗಿ ಪರದೆಯಲ್ಲಿ ಮೂಡಿದಂತೆ, “ಇಬ್ಬರು ಬಂದಾರ... ಮೂರು ಮಂದಿ... ನಾಕ್ ಮಂದಿ ಬಂದಾರ, ನಡೀ ಅಕ್ಕಾ” ಎನ್ನುತ್ತಿದ್ದ. ಅವನಿಗೆ ಆ ಮೇಲಿನವರು ಹಿಡಿಸಿದ್ದರು. “ನೋಡತಾರ, ಮಾತಾಡಂಗಿಲ್ಲ” ಎಂದು ನನಗೆ ಗುಟ್ಟಾಗಿ ಹೇಳಿದ್ದ. ನಾನು ಹಿಂದೆ ಕೂತು ಬರೆದುಕೊಳ್ಳುವುದನ್ನು ನೋಡಿ ನನಗೆ ‘ಡೈರಿ’ ಎಂದು ಹೆಸರಿಟ್ಟ. “ಬರಕೋ ಡೈರಿ, ಇಪ್ಪತ್ತೊಂದು” ಎಂದು ಅಂಕಿ ಕೂಗುತ್ತಿದ್ದ. ನಾನು ಬರೆದುಕೊಳ್ಳುತ್ತಿದ್ದೆ.

ಆ ಬಾಣ ರಸ್ತೆ ತೋರಿಸುವ ಬಾಣವಲ್ಲ. ಮನೆ ಯಾವ ದಿಕ್ಕಿಗಿದೆಯೋ ಆ ಕಡೆಗೆ ನೇರ ತೋರಿಸುತ್ತದೆ. ನಡುವೆ ತೊಗರಿ ಹೊಲ ಇರಲಿ, ಹಳ್ಳ ಇರಲಿ. ಇದರಿಂದ ಜಗಳವಾಗುತ್ತಿತ್ತು.

“ಅಕ್ಕಾ, ಮನಿ ಆ ಕಡಿ ಅದ, ನೀ ಈ ಕಡಿ ಹೊಂಟೀ!”

“ಬಾಣ ಹಕ್ಕಿಗೆ ಅದನಪ್ಪಾ. ನಾವು ಗಾಡ್ಯಾಗ ಅದೀವಿ.”

“ಹಕ್ಕಿಗೆ ಅಂದ್ರ ನಮಗ್ಯಾಕ ಕೊಟ್ರು?”

“ಪುಕ್ಕಟ ಸಿಕ್ಕಿತು, ತಗೊಂಡೆ. ಸುಮ್ ಕೂಡು.”

ಒಮ್ಮೆ ಅಫಜಲಪುರದ ಆಚೆಯ ಹಳ್ಳಿಯೊಂದರಲ್ಲಿ ಟೈರು ಪಂಕ್ಚರಾಗಿ ನಿಂತಿದ್ದೆವು. ಮಾಮಾ ಉಪಕರಣ ಹಿಡಿದು ಹೊಲದ ಬದುವಿನ ಮೇಲೆ ಆಚೀಚೆ ನಡೆದಾಡುತ್ತಿದ್ದ. ಕ್ಷಣದಲ್ಲಿ ಜನ ಸೇರಿದರು. ಹೈವೇಗೆ ಭೂಮಿ ಅಳೆಯಲು ಬಂದವರೆಂದು ತಿಳಿದಿದ್ದರು. ರುಮಾಲಿನ ಮುದುಕನೊಬ್ಬ ಅಕ್ಕೋರ ಮುಂದೆ ಕೈಮುಗಿದು, “ಬಾಯಾರ, ನಮ್ಮ ಹೊಲ ಹೋಗತದೇನ್ರಿ? ಖರೇ ಹೇಳಿಬಿಡ್ರಿ” ಎಂದ. ಅಕ್ಕೋರು, “ನಿಮ್ಮ ಹೊಲ ಎಲ್ಲೀ ಹೋಗಂಗಿಲ್ಲರಿ ಯಜಮಾನ್ರ. ಹೋಗವರು ನಾವು. ಒಂದು ಜಾಕ್ ಕೊಡಸ್ರಿ, ಜಲ್ದಿ ಹೋಗತೇವಿ” ಎಂದರು. ಜಾಕೂ ಬಂತು, ಚಹಾವೂ ಬಂತು. ಅಕ್ಕೋರು ಡಬ್ಬಿ ಬಿಚ್ಚಿ ಎಲ್ಲರಿಗೂ ಕಟಕ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಹಂಚಿದರು. ಮುದುಕ ಹೋಗುವಾಗಲೂ ಆ ಹಳದಿ ಅಂಚಿನ ವಸ್ತುವನ್ನು ಓರೆಗಣ್ಣಿನಿಂದ ನೋಡುತ್ತಲೇ ಇದ್ದ.

ಹೀಗೆ ಭಾನುವಾರ ತಿರುಗಾಡಿಸಿದರೆ ಮಾಮಾ ವಾರದ ಉಳಿದ ದಿನ ಮನೆ ಬಿಟ್ಟು ಹೋಗುವುದು ಕಡಿಮೆಯಾಗುತ್ತದೆ ಎಂದು ಅಕ್ಕೋರು ಕಂಡುಕೊಂಡಿದ್ದರು. ನನ್ನ ಡೈರಿಯ ಲೆಕ್ಕವೂ ಅದನ್ನೇ ಹೇಳುತ್ತದೆ. ಅದಕ್ಕಿಂತ ಮುಂಚಿನ ವರ್ಷ ಅವನು ಒಂಬತ್ತು ಸಲ ಕಾಣೆಯಾಗಿದ್ದ. ತಿರುಗಾಟ ಸುರುವಾದ ವರ್ಷ ಎರಡೇ ಸಲ.

ಮರುವರ್ಷದ ಸಂಕ್ರಾಂತಿಯ ಹೊತ್ತಿಗೆ ಅಕ್ಕೋರಿಗೆ ಊಟ ಸೇರದಾಯಿತು. ಕಲಬುರಗಿಯಲ್ಲಿ ತೋರಿಸಿದಾಗ ಹೊಟ್ಟೆಯಲ್ಲಿ ಗಡ್ಡೆ ಎಂದರು, ತಡವಾಗಿದೆ ಎಂದರು. ಅವರು ಅದನ್ನು ನಮ್ಮ ಮನೆಗೆ ಬಂದು ಹೇಳಿದ್ದು, ಶಾಲೆಗೆ ಹೊಸ ಹೆಡ್‌ಮಾಸ್ತರು ಬಂದ ಸುದ್ದಿ ಹೇಳಿದಂತೆ. ಅವ್ವ ಅತ್ತಳು. ಅಕ್ಕೋರು ಅಳಲಿಲ್ಲ. ಎದುರು ಕಟ್ಟೆಯ ಮೇಲೆ ಉಪಕರಣದ ಗಾಜು ಒರೆಸುತ್ತಿದ್ದ ತಮ್ಮನನ್ನು ನೋಡುತ್ತ, “ಇವ ಹೋದ್ರ ಕರಕೊಂಡ ಬರವರು ಯಾರು?” ಎಂದರು. ಆಮೇಲಿನ ತಿಂಗಳುಗಳಲ್ಲಿ ಅವರಿಗೆ ಇದ್ದದ್ದು ಆ ಒಂದೇ ಚಿಂತೆ.

ತಮ್ಮನಿಗೆ ಒಬ್ಬನೇ ಮನೆಗೆ ಬರುವುದನ್ನು ಕಲಿಸಲು ಹೊರಟರು. ಮೊದಲು ಓಣಿಯ ತುದಿಯಲ್ಲಿ ಬಿಟ್ಟರು. ಉಪಕರಣ ಕೊರಳಿಗೆ ಹಾಕಿಕೊಂಡು, ಬಾಣ ನೋಡುತ್ತ ಬಂದ. ಮುಂದಿನ ವಾರ ಸಂತೆಯ ಬಯಲು. ಅದರ ಮುಂದಿನ ವಾರ ಬಸ್‌ಸ್ಟ್ಯಾಂಡು. ಲಾರಿ ಓಡಾಡುವ ವಿಜಯಪುರ ರಸ್ತೆಯನ್ನು ದಾಟುವುದನ್ನು ಕಲಿಸಲು ಒಂದು ತಿಂಗಳು ಹಿಡಿಯಿತು. ಅವನು ಮುಂದೆ ನಡೆಯುತ್ತಿದ್ದ. ಅಷ್ಟು ದೂರದಲ್ಲಿ ಹಿಂದೆ ಕಾರು, ಮೊದಲ ಗೇರಿನಲ್ಲಿ. ಆ ಹೊತ್ತಿಗೆ ಅಕ್ಕೋರಿಗೆ ಸ್ಟೇರಿಂಗ್ ತಿರುಗಿಸುವ ಶಕ್ತಿ ಇರಲಿಲ್ಲ. ಕಾರು ಹೊಡೆಯುವುದನ್ನು ನನಗೆ ಕಲಿಸಿದ್ದರು. ಪಕ್ಕದಲ್ಲಿ ಕೂತು, ಅವನು ರಸ್ತೆಯ ಅಂಚಿಗೆ ಬಂದಾಗಲೆಲ್ಲ ತಮ್ಮ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು.

ಸೊನ್ನ ಎಂಬ ಊರಿನ ಬ್ಯಾರೇಜಿಗೆ ಹೋದ ದಿನ ಒಂದು ಪಾಠ ಹೆಚ್ಚಾಯಿತು. ಮಾಮಾ ಗೇಟುಗಳನ್ನು ನೋಡಿ ಖುಷಿಯಾಗಿದ್ದ. ಹೊರಡುವಾಗ ಅಭ್ಯಾಸದಂತೆ ಬಾಣ ನೋಡಿದ. ಅದು ಭೀಮಾ ನದಿಯ ಮೇಲೆ, ನೇರ ನೀರಿನೊಳಕ್ಕೆ ತೋರಿಸುತ್ತಿತ್ತು. ಅವನು ಚಪ್ಪಲಿ ಬಿಟ್ಟು ಪ್ಯಾಂಟು ಮಡಚತೊಡಗಿದ. ಅಕ್ಕೋರು ಎಲ್ಲಿಂದಲೋ ಬಂದ ಶಕ್ತಿಯಿಂದ ಓಡಿಹೋಗಿ ಅಂಗಿ ಹಿಡಿದರು. ಇಬ್ಬರೂ ದಂಡೆಯ ಕಲ್ಲಿನ ಮೇಲೆ ಕೂತರು. ಅವರಿಗೆ ಉಸಿರು ಹತ್ತಿತ್ತು.

“ಕೇಳಿಲ್ಲಿ. ಬಾಣ ನೀರಾಗ ಹೋತಂದ್ರ ನೀ ಹೋಗಬ್ಯಾಡ. ಅಲ್ಲೇ ಕೂಡು.”

“ಎಷ್ಟೊತ್ತು?”

“ಗಾಡಿ ಬರೋತನಕ. ಗಾಡಿ ತರ್ತೇನಿ ನಾ.”

“ಖರೇ?”

“ಎಂದಾರ ಸುಳ್ಳ ಹೇಳೇನೇನು?”

ಬಾಣ ನೀರಿಗೆ ಹೋದರೆ ಅಲ್ಲೇ ಕೂಡಬೇಕು ಎಂಬುದನ್ನು ಅವನಿಂದ ಹತ್ತು ಸಲ ಹೇಳಿಸಿದರು. ವಾಪಸು ಬರುವಾಗ ಅಕ್ಕೋರು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ಮಾಮಾ ಅಂಕಿ ಕೂಗಿದಾಗ ಮಾತ್ರ “ಹೂಂ” ಎನ್ನುತ್ತಿದ್ದರು.

ಅವರು ಹೋದಮೇಲೆ ಮಾಮಾ ಇರಬೇಕಾದದ್ದು ಆಳಂದದಲ್ಲಿ, ಅವರ ದೊಡ್ಡಕ್ಕನ ಮನೆಯಲ್ಲಿ. ಅದು ನಿಶ್ಚಯವಾಗಿತ್ತು. ಹಾಗಾದರೆ ಉಪಕರಣದಲ್ಲಿ ಮನೆಯ ಗುರುತನ್ನು ಆಳಂದಕ್ಕೆ ಬದಲಾಯಿಸಬೇಕಲ್ಲ ಎಂದು ನಾನು ನೆನಪು ಮಾಡಿದೆ. “ಹೌದು ತಂಗಿ, ಮುಂದಿನ ಐತವಾರ” ಎಂದರು. ಮುಂದಿನ ಭಾನುವಾರ ಆಳಂದಕ್ಕೆ ಹೋದೆವು. ದೊಡ್ಡಕ್ಕನ ಗೇಟಿನ ಮುಂದೆ ಉಪಕರಣ ಕೈಯಲ್ಲಿ ಹಿಡಿದು ನಿಂತರು. ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. ಬಹಳ ಹೊತ್ತು ಹಾಗೇ ಇದ್ದು, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಉಪಕರಣವನ್ನು ಮಾಮಾನಿಗೆ ಕೊಟ್ಟುಬಿಟ್ಟರು. “ಇನ್ನೊಮ್ಮೆ ಬಂದಾಗ ಮಾಡೂಣು” ಎಂದರು. ಇನ್ನೊಮ್ಮೆ ಬಂದಾಗಲೂ ಹಾಗೇ ಆಯಿತು. ಕಡೆಗೆ ಹಾಸಿಗೆ ಹಿಡಿದ ಮೇಲೆ ನಾನು ಕೇಳುವುದನ್ನು ಬಿಟ್ಟೆ. ಅವರೇ ಒಂದು ಮಧ್ಯಾಹ್ನ, ನಾನು ಗಂಜಿ ಕುಡಿಸುವಾಗ, “ಅದನ್ನ ಒತ್ತಿದ್ರ ಈ ಮನಿ ಮನಿ ಅಲ್ಲ ಅಂತ ನಾನೇ ಹೇಳಿದಂಗ ಆಗತದ. ನನ್ನ ಕೈಲೆ ಆಗವಲ್ದು” ಎಂದರು. ಅವರ ಬಾಯಿಂದ ‘ಆಗವಲ್ದು’ ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ.

ಅವರನ್ನು ಮಣ್ಣು ಮಾಡಿ ಬಂದ ಮೇಲೆ ಮಾಮಾನನ್ನು ಆಳಂದಕ್ಕೆ ಕರೆದೊಯ್ದರು. ಉಪಕರಣವನ್ನು ಕೊರಳಿನಿಂದ ತೆಗೆಯಲು ಅವನು ಬಿಡಲಿಲ್ಲ. ಕಾರು ಮಾರಾಟವಾಗುವ ತನಕ ನಮ್ಮ ಬಾಗಿಲಲ್ಲಿ ಇರಲಿ ಎಂದು ದೊಡ್ಡಕ್ಕ ಕೀಲಿಯನ್ನು ನನಗೆ ಕೊಟ್ಟರು.

ದಸರೆಗೆ ಮುಂಚೆ ದೊಡ್ಡಕ್ಕನ ಫೋನು ಬಂತು. ಅವರು ಅಳುತ್ತಿದ್ದರು. ಮಾಮಾ ಹೋಗಿ ಎರಡು ದಿನವಾಗಿತ್ತು. ಮರುದಿನ ಬೆಳಿಗ್ಗೆ ಇನ್ನೊಂದು ಫೋನು, ಗಾಣಗಾಪುರದಿಂದ. ಉಪಕರಣದ ಬೆನ್ನಿಗೆ ಅಕ್ಕೋರು ತಮ್ಮ ನಂಬರಿನ ಕೆಳಗೆ ನನ್ನ ನಂಬರನ್ನೂ ಅಂಟಿಸಿದ್ದರು. ಮಾತಾಡಿದವನು ನದಿಯ ಹತ್ತಿರ ತೆಂಗಿನಕಾಯಿ, ಕರ್ಪೂರ ಮಾರುವವನು. “ನಿಮ್ಮವರೇನ್ರಿ ಇವರು? ನಿನ್ನಿಯಿಂದ ದಂಡಿ ಮ್ಯಾಲ ಕುಂತಾರ. ಊಟ ಕೊಟ್ರ ಉಣ್ಣತಾರ, ಏಳ್ರಿ ಅಂದ್ರ ಏಳವಲ್ರು. ಗಾಡಿ ಬರತದ ಅಂತಾರ. ಯಾವ ಗಾಡೀರಿ?”

ಸೇತುವೆ ದಾಟಿ ಹೋದೆ. ಗಾಣಗಾಪುರ ಭೀಮಾ ನದಿಯ ಆಚೆ, ಜೇವರ್ಗಿ ಈಚೆ. ಎಂದಿನಂತೆ ಅವನು ಅಲ್ಲಿಗೆ ಬಂದಿದ್ದ. ಐದು ಮನೆ ಬೇಡಿ ಉಂಡಿದ್ದ. ಆಮೇಲೆ, ಅಕ್ಕ ಕಲಿಸಿದ ಹಾಗೆ, ಒಬ್ಬನೇ ಮನೆಗೆ ಹೊರಟಿದ್ದ. ನದಿಗಿಳಿಯುವ ಮೆಟ್ಟಿಲ ಕೊನೆಯಲ್ಲಿ, ನೀರಿನಿಂದ ಒಂದು ಮೆಟ್ಟಿಲು ಮೇಲೆ, ಚಪ್ಪಲಿಗಳನ್ನು ಪಕ್ಕಕ್ಕೆ ಜೋಡಿಸಿಟ್ಟು ಕೂತಿದ್ದ. ಉಪಕರಣದ ಸೆಲ್ಲು ತೀರಿ ಪರದೆ ಕಪ್ಪಾಗಿತ್ತು.

ಕಾರಿನ ಸದ್ದು ಕೇಳಿ ತಿರುಗಿದ. ಎದ್ದು ಬಂದ. ಸ್ಟೇರಿಂಗಿನ ಹಿಂದೆ ಕೂತ ನನ್ನನ್ನು ನೋಡಿದ. ಹಿಂದಿನ ಸೀಟು ನೋಡಿದ. ಮತ್ತೆ ನನ್ನನ್ನು ನೋಡಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಬಾಗಿಲು ತೆಗೆದು ಇಳಿದೆ.

“ಬಾಣ ನೀರಾಗ ಹೋತು ಡೈರಿ. ಕುಂತೆ. ಗಾಡಿ ಬರತದ ಅಂದಿದ್ದಳಲ್ಲ,” ಎಂದ ಮಾಮಾ. ಬಾನೆಟ್ ಮುಟ್ಟಿ ನೋಡಿದ. “ಬಂತು.”

“ಉಂಡೀ?” ಎಂದೆ.

ಹೊಸ ಸೆಲ್ಲು ಹಾಕಿಕೊಟ್ಟೆ. ಮೇಲಿನ ನಾಲ್ಕು ಮಂದಿ ಬರುವ ತನಕ ಇಬ್ಬರೂ ಕಾದೆವು. ಮನೆ ಮೂವತ್ತೆರಡು ಕಿಲೋಮೀಟರ್ ಎಂದು ಅದು ತೋರಿಸಿತು, ಹೊಳೆಯ ಆಚೆ. ನಾನು ಕಾರನ್ನು ಆಳಂದದ ಕಡೆಗೆ ತಿರುಗಿಸಿದೆ.

ಊರ ಹೊರಗೆ ಬಂದ ಮೇಲೆ ಅವನು, “ಬಾಣ ಹಿಂದಾತು” ಎಂದ. ಗುಳಿಗೆ ತಪ್ಪಿ ಎಷ್ಟು ದಿನವಾಗಿತ್ತೋ. ಅವನು ಬಾಗಿಲು ತೆಗೆದರೆ ಏನು ಮಾಡಲಿ ಎಂದು ವೇಗ ಇಳಿಸಿದೆ. “ಮೂವತ್ತೇಳು,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ನಲವತ್ತು. ಹೆಚ್ಚಾಗಾಕತ್ತದ.” ಓರೆಯಾಗಿ ನೋಡಿದೆ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಭಾನುವಾರದ ಮುಖವಿತ್ತು. ಹೆಚ್ಚಾಗುವ ಅಂಕಿಗೆ ಅವನು ಹೆದರುವವನಲ್ಲ. ಹೋಗುವಾಗ ಏರುತ್ತದೆ, ಬರುವಾಗ ಇಳಿಯುತ್ತದೆ. ಅದು ಇಳಿಯದ ದಿನವನ್ನು ಅವನು ಅಕ್ಕನ ಜೊತೆ ಒಮ್ಮೆಯೂ ಕಂಡಿರಲಿಲ್ಲ.

“ಬರಕೋ ಡೈರಿ, ಐವತ್ತು.”

ಆಳಂದದ ಗೇಟಿನ ಮುಂದೆ ಅರವತ್ತೈದು ಇತ್ತು. “ಇವತ್ತ ಬಾಳ ದೂರ ಬಂದೇವಿ,” ಎಂದು ಇಳಿದ. ದೊಡ್ಡಕ್ಕ ಅವನ ಕೈ ಹಿಡಿದು ಅಳುತ್ತಿದ್ದರೆ, ಅವನು ಅವರ ಹೆಗಲ ಮೇಲಿಂದ ನನ್ನತ್ತ ನೋಡಿ, “ಬರ್ತೇನಿ ಅನ್ನು,” ಎಂದ.

“ಬರ್ತೇನಿ ಮಾಮಾ.”

“ಐತವಾರ?”

“ಐತವಾರ.”

ಕಾರನ್ನು ಮಾರಬೇಡಿ, ಬೆಲೆಯನ್ನು ಕಂತಿನಲ್ಲಿ ನಾನೇ ಕೊಡುತ್ತೇನೆ ಎಂದು ಅಲ್ಲಿಯೇ ದೊಡ್ಡಕ್ಕನಿಗೆ ಹೇಳಿದೆ. ಉಪಕರಣದಲ್ಲಿ ಮನೆಯ ಗುರುತನ್ನು ನಾನು ಬದಲಾಯಿಸಿಲ್ಲ. ನಾನು ಇರುವುದೂ ಅದೇ ಓಣಿಯಲ್ಲಿ.

ಆ ಭಾನುವಾರ ಹೋದಾಗ ಅವನು ಸ್ನಾನ ಮಾಡಿ, ತಲೆ ಬಾಚಿಕೊಂಡು, ಉಪಕರಣವನ್ನು ಕಟ್ಟೆಯ ಮೇಲೆ ಆಕಾಶಕ್ಕೆ ಮುಖ ಮಾಡಿ ಇಟ್ಟುಕೊಂಡು ಕೂತಿದ್ದ. ಬಂದು ಮುಂದಿನ ಸೀಟಿನಲ್ಲಿ ಕೂತ. ನಾನು ಗಾಡಿ ಸುರು ಮಾಡಿದೆ. ಅಷ್ಟರಲ್ಲಿ ದೊಡ್ಡಕ್ಕ ಒಳಗಿನಿಂದ ಓಡಿ ಬಂದು, ಪಾಪ, ಕಾಳಜಿಯಿಂದಲೇ ಕೇಳಿದರು: “ಎಲ್ಲಿಗಿ ಹೊಂಟೀರಿ?”

ಮಾಮಾ ನನ್ನ ಮುಖ ನೋಡಿದ. ಕೈ ಚಾಚಿ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿದ. ಕೀಲಿ ತೆಗೆದುಕೊಂಡು ಇಳಿದು, ಮನೆಯೊಳಗೆ ಹೋದ. ತೆರೆದ ಬಾಗಿಲಿನಿಂದ ಕಾಣುತ್ತಿತ್ತು: ಕೊಡದಿಂದ ಅರ್ಧ ಗ್ಲಾಸು ನೀರು ತೆಗೆದು ಕುಡಿದ, ಸ್ವಲ್ಪ ಹೊತ್ತು ಕೂತ, ಎದ್ದ. ಹೊಸ್ತಿಲಲ್ಲಿ ನಿಂತು ಕೀಲಿಯನ್ನು ಹಣೆಗೆ ಮುಟ್ಟಿಸಿಕೊಂಡ. ಬಂದು ಅದನ್ನು ನನ್ನ ಅಂಗೈಯಲ್ಲಿಟ್ಟ.

“ನಂಬಂಗಿಲ್ಲ,” ಎಂದ.